ಮರಳೆಮ್ಮೆಯ ಕರು

“ಹಿಂದಕ್ಕೆ ಬಾರೇ! ಬಾಲ ಬೀಸಿದ್ರೆ ಸೊಂಟ ಮುರಿಯತ್ತೆ!”

ಅತ್ತೆ ಕೂಗುವಷ್ಟರಲ್ಲಿ ದಡದ ಮರಳುಗುಂಡಿಯಲ್ಲಿ ಮಲಗಿದ್ದ ಮರಳೆಮ್ಮೆ ಬಾಲ ಬೀಸಿಯಾಗಿತ್ತು. ಸೊಸೆ ಪಕ್ಕಕ್ಕೆ ಹಾರಿದಳು. ಅವಳ ಕೈಯಲ್ಲಿದ್ದ ತಬ್ಬಲಿ ಕರು ಗುಂಡಿಯ ಅಂಚಿಗೆ ಉರುಳಿತು. ಮರಳೆಮ್ಮೆ ಅದನ್ನು ಒಮ್ಮೆ ಮೂಸಿ, ಬುಸ್ಸೆಂದು ಮೂತಿಯಿಂದ ಆಚೆ ದಬ್ಬಿತು. ಮತ್ತೆ ತನ್ನ ಸತ್ತ ಕರುವಿನ ಮೇಲೆ ಕತ್ತು ಚಾಚಿ ಮಲಗಿತು.

ಒಂದು ಕಾಲಕ್ಕೆ ಕಡಲೊಳಗೇ ಬಾಳಿದ ಜಾತಿಯಂತೆ ಅದು. ಲಕ್ಷಾಂತರ ವರ್ಷಗಳಲ್ಲಿ ದಡಕ್ಕೆ ತೆವಳಿ ಬಂದು, ಈಜುರೆಕ್ಕೆಗಳು ಗುದ್ದಲಿಯಂತೆ ಗಟ್ಟಿಯಾಗಿ, ಮರಳಲ್ಲಿ ಗುಂಡಿ ತೋಡಿ ಈಯಲು ಕಲಿತಿತ್ತು. ಈಯುವುದು ಒಂದೇ ಕರು. ಅದು ಸತ್ತರೆ ತಾಯಿ ಮೇವು ಮುಟ್ಟದೆ ಗುಂಡಿಯಲ್ಲೇ ಪ್ರಾಣ ಬಿಡುತ್ತದೆ. ಈ ತಬ್ಬಲಿಯ ತಾಯಿ ದೋಣಿಗೆ ಸಿಕ್ಕಿ ಸತ್ತಿತ್ತು. ಸಂಜೆಯೊಳಗೆ ಹಾಲು ಸಿಗದಿದ್ದರೆ ಇದೂ ಉಳಿಯುವುದಿಲ್ಲ.

ಮರಳೆಮ್ಮೆ ಕಾಯುವ ಕೆಲಸ ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂದದ್ದು. ಕೇರಿಯ ಅರ್ಧ ಮಕ್ಕಳು ಭೂಮಿಗೆ ಬಿದ್ದದ್ದೂ ಅತ್ತೆಯ ಕೈಗೇ. ಸೊಸೆಗೆ ಎಚ್ಚರವೇ ಇಲ್ಲದ ಹೆರಿಗೆಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡವಳೂ ಅವಳೇ. ಮನೆಯಲ್ಲಿ ಯಾರಿಗೂ ಇಲ್ಲದ ಗುಂಗುರು ಕೂದಲು ಆ ಹುಡುಗಿಗೆ.

“ಚೂರಿ ಕೊಡು,” ಎಂದಳು ಅತ್ತೆ.

ಸೊಸೆ ಒದ್ದೆ ಗೋಣಿಯನ್ನು ಮರಳೆಮ್ಮೆಯ ಕಣ್ಣಿಗೆ ಹೊದಿಸಿದಳು. ಅತ್ತೆ ಸತ್ತ ಕರುವನ್ನು ಮೆಲ್ಲಗೆ ಪೊದೆಯ ಹಿಂದಕ್ಕೆ ಎಳೆದೊಯ್ದು, ಬೆನ್ನ ತೊಗಲು ಸುಲಿದು, ಕೂಸಿಗೆ ಕುಲಾವಿ ತೊಡಿಸಿದಂತೆ ತಬ್ಬಲಿಗೆ ಹೊದಿಸಿ ಕಟ್ಟಿದಳು. ಈ ಕೆಲಸದಲ್ಲಿ ಅವಳ ಕೈ ಪಳಗಿತ್ತು.

“ವಾಸನೆ ಒಂದಾದ್ರೆ ಸಾಕು ಕಣೇ, ತಾಯಿಗೆ ಏನೂ ಗೊತ್ತಾಗಲ್ಲ.”

ತಬ್ಬಲಿಯನ್ನು ಅದರ ಮಗ್ಗುಲಿಗಿಟ್ಟು ಗೋಣಿ ತೆಗೆದರು. ಮರಳೆಮ್ಮೆ ತಬ್ಬಲಿಯನ್ನು ಬಹಳ ಹೊತ್ತು ಮೂಸಿತು. ಕೊನೆಗೆ ಅದು ಎದೆಯ ಮಡಿಕೆ ಎತ್ತಿ ಕರುವನ್ನು ಒಳಕ್ಕೆ ಎಳೆದುಕೊಂಡಿತು. ತಬ್ಬಲಿ ಲೊಚಲೊಚ ಹಾಲು ಕುಡಿಯತೊಡಗಿತು.

“ನೋಡಿದ್ಯಾ! ಹೆತ್ತವರಿಗೆ ಹೆಗ್ಗಣ ಮುದ್ದು. ಪಾಪ, ತನ್ನದೇ ಅಂದ್ಕೊಂಡಿದೆ.”

ಸೊಸೆ ನಗಲಿಲ್ಲ. “ಅದಕ್ಕೆ ಗೊತ್ತಿದೆ ಅತ್ತೆ. ಕಣ್ಣು ಎಲ್ಲಿದೆ ನೋಡಿ.”

ಹಾಲೂಡುತ್ತಲೇ ಮರಳೆಮ್ಮೆ ತನ್ನ ಕರುವನ್ನು ಎಳೆದೊಯ್ದ ದಿಕ್ಕನ್ನೇ ನೋಡುತ್ತಿತ್ತು.

“ಹುಚ್ಚಿ! ಗೊತ್ತಿದ್ರೆ ಹಾಲು ಕೊಡ್ತಿತ್ತಾ?”

“ಹಸಿದ ಬಾಯಿ ಎದೆಗೆ ಬಂದ್ಮೇಲೆ ಇಲ್ಲ ಅನ್ನೋಕಾಗತ್ತಾ? ಕೊಡತ್ತೆ. ಆಮೇಲೆ ಅದೇ ಜೀವ ಆಗ್ಬಿಡತ್ತೆ.”

ಅತ್ತೆಗೆ ಯಾಕೋ ಅವಳ ಮುಖ ನೋಡಲಾಗಲಿಲ್ಲ. ಪೊದೆಯ ಹಿಂದೆ ಹೋಗಿ ಗುಳಿ ತೋಡಿ ಸತ್ತ ಕರುವನ್ನು ಮಲಗಿಸಿದಳು. ಸೊಸೆಯೂ ಬಂದು ಮಂಡಿಯೂರಿ, ಬೊಗಸೆ ಬೊಗಸೆ ಮರಳು ಸುರಿದಳು. ಸುರಿಯುತ್ತ ಸುರಿಯುತ್ತ ಬಿಕ್ಕಿಬಿಕ್ಕಿ ಅತ್ತಳು.

“ಅಯ್ಯೋ, ಒಂದು ಪ್ರಾಣಿಗೆ ಇಷ್ಟು ಅಳ್ತಾರೇನೇ?”

ಮನೆಯ ಕಡೆಯಿಂದ ಮೊಮ್ಮಗಳ ದನಿ ಬಂತು: “ಅಮ್ಮಾ, ಹಸಿವು!”

“ಬಂದೆ ಕಣೇ, ಬಂಗಾರಾ!” ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಎರಡು ಹೆಜ್ಜೆ ಇಟ್ಟವಳು ತಿರುಗಿ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಅವತ್ತು ನಾನು ಹೆತ್ತ ಮಗೂನ ಎಲ್ಲಿ ಹೂತ್ರಿ, ಅತ್ತೆ?”