ಪಟ್ಟಿಯ ಕೊನೆಯ ಹೆಸರು

ಕಂಪ್ಯೂಟರ್ ಕಲಿಯುತ್ತಿದ್ದವರು ಹನ್ನೊಂದು ಮಂದಿ ಹುಡುಗಿಯರು. ಅವರಲ್ಲಿ ಹತ್ತು ಮಂದಿಯನ್ನು ಕೆಲಸಕ್ಕೆ ಆರಿಸಿ ಕಂಪನಿಯವರು ಪಟ್ಟಿ ಕಳಿಸಿದ್ದರು. ಮೇಷ್ಟ್ರು ಅದನ್ನು ತಾವೇ ಬರೆದ ಪ್ರೋಗ್ರಾಮಿನಲ್ಲಿ ಓಡಿಸಿದಾಗ ಪರದೆಯ ಮೇಲೆ ಒಂಬತ್ತೇ ಹೆಸರು ಬಂದವು. ಉಳಿದವರು ಸುಗುಣಾ ಮತ್ತು ಪಕ್ಕದಲ್ಲಿ ಕೂತಿದ್ದ ಫರ್ಹಾನಾ.

"ಹೋಗ್ಲಿ ಬಿಡೇ, ನೀನು ನಿಮ್ಮ ಮಾವನ್ನೇ ಕಟ್ಕೋ. ಬಿರಿಯಾನಿಗೆ ನಾನು ಬರ್ತೀನಿ," ಎಂದಳು ಫರ್ಹಾನಾ, ಕಣ್ಣೊರೆಸಿಕೊಳ್ಳುತ್ತ.

ಕೆಲಸ ಸಿಗದಿದ್ದರೆ ಬರುವ ತಿಂಗಳೇ ಸೋದರಮಾವನ ಜೊತೆ ಮದುವೆ ಎಂದು ಸುಗುಣಾಳ ಮನೆಯಲ್ಲಿ ಮಾತಾಗಿತ್ತು. ಅವಳಿಗೆ ಅಳು ಬರಲಿಲ್ಲ. ಪ್ರೋಗ್ರಾಮನ್ನೇ ನೋಡುತ್ತ ಕೂತಿದ್ದವಳು ಮೆಲ್ಲಗೆ ಎದ್ದು ನಿಂತಳು.

"ಸಾರ್, ಎಣಿಕೆ ಸೊನ್ನೆಯಿಂದ ಶುರು ಅಂತ ನೀವೇ ಹೇಳಿದ್ರಿ. ಒಂಬತ್ತಕ್ಕಿಂತ ಕಡಿಮೆ ಅಂತ ಬರೆದ್ರೆ ಎಂಟಕ್ಕೇ ನಿಂತೋಗುತ್ತೆ, ಸೊನ್ನೆ ಸೇರಿ ಒಂಬತ್ತೇ ಹೆಸರು ಬರುತ್ತೆ. ಹತ್ತಕ್ಕಿಂತ ಕಡಿಮೆ ಅಂತಿರ್ಬೇಕು. ಕೊನೇ ಹೆಸರು ಒಳಗೇ ಉಳ್ಕೊಂಡಿದೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಅಯ್ಯೋ, ಹೌದಲ್ಲಮ್ಮ! ಮೂರು ತಿಂಗಳು ಬಾಯೇ ಬಿಡದವಳು ಇವತ್ತು ನನಗೇ ಪಾಠ ಹೇಳ್ಬಿಟ್ಯಲ್ಲ. ಎಲ್ಲಾರ್ಗಿಂತ ನೀನೇ ಜಾಣೆ ಕಣಮ್ಮ."

ತಿದ್ದಿ ಮತ್ತೆ ಓಡಿಸಿದರು. ಒಂಬತ್ತು ಹೆಸರುಗಳ ಕೆಳಗೆ ಇನ್ನೊಂದು ಹೆಸರು ಮೂಡಿತು: ಫರ್ಹಾನಾ.