ಊರಿನ ಒಪ್ಪಿಗೆ

ಜಪಾನಿನ ಬೆಟ್ಟದೂರು ಕುರೊತಾನಿಯಲ್ಲಿ, ಊರಿನ ವಿಷಯಗಳಿಗೆ ಪ್ರತಿ ಮನೆಯ ಒಪ್ಪಿಗೆಯ ಮುದ್ರೆ ಪಡೆಯುವ ಸುತ್ತೋಲೆಯ ಹಲಗೆ ಈಗಲೂ ಮನೆಯಿಂದ ಮನೆಗೆ ಹೋಗುತ್ತದೆ. ಸತ್ತವರ ಮನೆಬಾಗಿಲುಗಳು ಅವರದೇ ದನಿಯಲ್ಲಿ "ಬಂದ್ರಾ? ಚಳಿ ಜಾಸ್ತಿ ಆಯ್ತು" ಎಂದು ಮಾತಾಡಿಸಿ, ಅವರ ಹೆಸರಿನ ಮುದ್ರೆ ಒತ್ತಿಕೊಡುತ್ತವೆ. ಬೇಡ ಎನ್ನುವುದನ್ನು ಬಾಗಿಲುಗಳಿಗೆ ಯಾರೂ ಕಲಿಸಿಲ್ಲ.

ಈ ಸಲದ ಪ್ರಶ್ನೆ: ಊರಿನ ಬಸ್ಸು ನಿಲ್ಲಿಸಬಹುದೇ?

ಹಲಗೆ ಹಿಡಿದು ಮನೆಮನೆ ತಿರುಗಿದ ಮಿನೆಕೊ, ಕೊನೆಗೆ ತನ್ನ ಮುದ್ರೆಯನ್ನೂ ಒತ್ತಿ ಬಸ್ಸಿನ ಚಾಲಕ ಇಸಾಮುವಿನ ಕೈಗಿಟ್ಟಳು. ಅವನು ನೋಡಿದ. ನಲವತ್ತೊಂದು ಮನೆ, ನಲವತ್ತೊಂದು ಒಪ್ಪಿಗೆ.

"ಈ ಊರಲ್ಲಿ ಉಸಿರಾಡ್ತಿರೋರು ನೀವೊಬ್ರೇ. ನೀವಾದ್ರೂ ಬೇಡ ಅನ್ನಬಾರದಿತ್ತಾ? ಸೋಮವಾರ ಡಯಾಲಿಸಿಸ್‌ಗೆ ಹೇಗೆ ಹೋಗ್ತೀರಿ?"

"ಅಕ್ಕಪಕ್ಕದೋರೆಲ್ಲ ಒಪ್ಪಿದಾರಲ್ಲಪ್ಪ," ಎಂದಳು ಮಿನೆಕೊ. "ಊರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತಾ?"