ಎತ್ತುಗೈಗೆ ರಜೆ

ಆಯುಧ ಪೂಜೆಯ ದಿನ ಯಂತ್ರಗಳಿಗೂ ರಜೆ ಎಂದು ಸರ್ಕಾರ ಆದೇಶ ಮಾಡಿದ ಮೇಲೆ, ಉಸಿರಾಟದ ಯಂತ್ರವೊಂದನ್ನು ಬಿಟ್ಟರೆ ಉಳಿದ ಯಾವುದೂ ಆ ದಿನ ಕೆಲಸ ಮುಟ್ಟುತ್ತಿರಲಿಲ್ಲ. ನಾಗವೇಣಿಯ ಎರಡೂ ಕಾಲುಗಳು ಸ್ವಾಧೀನದಲ್ಲಿಲ್ಲ. ಅವಳನ್ನು ಮಂಚದಿಂದ ಎತ್ತಿ ಕಮೋಡಿನ ಮೇಲೆ ಕೂರಿಸುವ ಯಂತ್ರ, ಎತ್ತುಗೈ, ಬೆಳಗ್ಗೆಯೇ ಚೆಂಡುಹೂವಿನ ಹಾರ ಹಾಕಿಸಿಕೊಂಡು ಗೋಡೆಗೆ ಒರಗಿಬಿಟ್ಟಿತ್ತು.

“ಒಂದೇ ಒಂದ್ಸಲ ಎತ್ತೋ ಮಾರಾಯ, ತಡೆಯಕ್ಕಾಗ್ತಿಲ್ಲ,” ಎಂದಳು ನಾಗವೇಣಿ.

“ಕುಂಕುಮ ಇಟ್ಟಾಗಿದೆ ಮೇಡಂ. ಇನ್ನೇನಿದ್ರೂ ನಾಳೆ,” ಎಂದಿತು ಎತ್ತುಗೈ.

ಅವಳು ಗಂಡನನ್ನು ಕೂಗಿದಳು. ಚಿದಾನಂದ ಬಂದವನೇ ಪೂಜೆಯ ತಟ್ಟೆಯಿಂದ ಕುಂಕುಮ ತೆಗೆದು ತನ್ನ ಎರಡೂ ತೋಳಿಗೆ ಬಳಿದುಕೊಂಡ. “ಇವೂ ಆಯುಧಾನೇ ಕಣೇ. ಹೋದ ವರ್ಷ ಈ ದಿನ ನಿನ್ನ ಎತ್ತಿ, ಸೊಂಟ ಹಿಡ್ಕೊಂಡು ದೀಪಾವಳಿ ತನಕ ಮಲಗಿದ್ದೆ. ನಂಗೂ ರಜೆ.”

“ಸರಿ ಬಿಡ್ರಿ. ಎಲ್ಲಾರೂ ರಜೆ ಮಾಡಿ. ನಾನು ಇಲ್ಲೇ ಮುಗಿಸ್ತೀನಿ.”

ಅದುವರೆಗೆ ಅವಳ ಬೆನ್ನಡಿಯಲ್ಲಿ ಸುಮ್ಮನೆ ಮಲಗಿದ್ದ ಗಾಳಿಹಾಸಿಗೆ ಬುಸ್ಸೆಂದಿತು. “ಅಯ್ಯಯ್ಯೋ, ಬೇಡ ಮೇಡಂ! ಲೇ ಎತ್ತುಗೈ, ನಿಂಗೆ ರಜೆ, ನಂಗೆ ಸ್ನಾನಾನಾ? ಎತ್ತೋ ಮೊದ್ಲು!”

ಎತ್ತುಗೈ ಗೊಣಗುತ್ತಾ ಹಾರ ಕಳಚಿಟ್ಟಿತು. ಅವಳನ್ನು ಎತ್ತಿಕೊಂಡು ಹೋಗಿ ಕೂರಿಸಿ ಬಂತು. ಚಿದಾನಂದ ಬಾಗಿಲು ಎಳೆದುಕೊಂಡು ಹೊರಗೆ ನಿಂತ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಂಡತಿಯ ನಿರಾಳವಾದ ದನಿ ಕೇಳಿಸಿತು.

“ರೀ, ಆ ಹಾರ ಇಲ್ಲಿ ತನ್ನಿ. ಈ ಮನೇಲಿ ರಜೆ ಕೇಳದೆ ಇರೋದು ಈ ಕಮೋಡು ಒಂದೇ.”